ರಸೀದಿ ಹರಿದುಕೊಟ್ಟ ಮೇಲಿನ ಕೆಲಸ

(ಸಣ್ಣ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರ ಎದುರು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದೇಣಿಗೆ ಸಂಗ್ರಹದ ಬಗ್ಗೆ ಮಾತು ಎಂದಾಗ ಕೇಳಲು ಬರುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಇರುತ್ತದೆ: ಹೊಸ ದಾನಿಗಳು ಎಲ್ಲಿ ಸಿಗುತ್ತಾರೆ? ಆ ಪ್ರಶ್ನೆಗೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮ ಕಚೇರಿಯ ಕಪಾಟಿನಲ್ಲಿರುವ ಕಳೆದ ವರ್ಷದ ರಸೀದಿ ಪುಸ್ತಕವನ್ನು ತೆಗೆಯಿರಿ. ನಿಮ್ಮಲ್ಲಿ ಉಳಿದ ಪ್ರತಿಗಳ ಮೇಲೆ ಒಂದೊಂದು ಹೆಸರಿದೆಯಲ್ಲ, ಅವರು ಈ ವರ್ಷವೂ ಕೊಟ್ಟಿದ್ದಾರೆಯೇ ಎಂದು ನೋಡಿ. ಕೊಡದವರ ಪಟ್ಟಿ ಮಾಡಿಕೊಂಡು, ರಸೀದಿ ಹರಿದುಕೊಟ್ಟ ದಿನದಿಂದ ಇಂದಿನವರೆಗೆ ಅವರಿಗೆ ನಾವು ಏನನ್ನಾದರೂ ತಿಳಿಸಿದ್ದೇವೆಯೇ ಎಂದು ಕೇಳಿಕೊಳ್ಳಿ. ನಾನು ಹತ್ತಿರದಿಂದ ಬಲ್ಲ ಬಹುತೇಕ ಸಂಸ್ಥೆಗಳಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ, ಇಲ್ಲ ಎಂಬುದೇ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಹೋಗಿರುತ್ತದೆ, ಅದರ ಜೊತೆಗೆ ಮುಂದಿನ ದೇಣಿಗೆಯ ಮನವಿಯೂ ಹೋಗಿರುತ್ತದೆ. ಕೊಟ್ಟ ಹಣ ಏನಾಯಿತು ಎಂಬ ನಾಲ್ಕು ಸಾಲು ಮಾತ್ರ ಹೋಗಿರುವುದಿಲ್ಲ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ದಾನಿಯೊಡನೆ ಸಂಬಂಧ ಆರಂಭವಾಗುವುದು ಹಣ ಕೈಸೇರಿದ ಮೇಲೆ, ಮತ್ತು ಅದನ್ನು ಉಳಿಸುವುದು ಲೆಕ್ಕ. ಲೆಕ್ಕ ಎಂದರೆ ಆಡಿಟರ್ ಸಹಿ ಹಾಕಿದ ಕಾಗದವಷ್ಟೇ ಎಂದುಕೊಳ್ಳಬೇಡಿ. ಇಂಥ ಕೆಲಸಕ್ಕೆ ಕೊಟ್ಟಿರಿ, ಇಷ್ಟು ಆಯಿತು, ಇಷ್ಟು ಆಗಲಿಲ್ಲ ಎಂದು ಕೊಟ್ಟವರಿಗೆ ಅವರ ಭಾಷೆಯಲ್ಲಿ ಹೇಳುವ ಮಾತು ಅದು.

ನಮ್ಮ ನಾಡಿನಲ್ಲಿ ಇದು ಹೊಸ ವಿಚಾರವೇನೂ ಅಲ್ಲ. ಹಳೆಯ ದಾನಶಾಸನವೊಂದನ್ನು ಗಮನವಿಟ್ಟು ಓದಿ. ಕೊಟ್ಟವರು ಯಾರು, ಕೊಟ್ಟದ್ದೇನು, ಯಾವ ಕೆಲಸಕ್ಕೆ, ಯಾರ ವಶಕ್ಕೆ, ಭೂಮಿಯಾದರೆ ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಸಾಕ್ಷಿ ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ಕೊನೆಯಲ್ಲಿ ಶಾಪವಾಕ್ಯ: ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು, ಅಂದರೆ ಹಸುಗಳನ್ನು, ಕೊಂದ ಪಾಪ, ಅಪಹರಿಸಿದವನಿಗೆ ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಗತಿ. ಶಾಪವನ್ನು ಬಿಡೋಣ. ಆದರೆ ಆ ಕಲ್ಲನ್ನು ನಿಲ್ಲಿಸುತ್ತಿದ್ದುದು ಊರಿನ ಹತ್ತು ಜನ ನೋಡುವ ಜಾಗದಲ್ಲಿ ಎಂಬುದನ್ನು ಗಮನಿಸಿ. ನಮ್ಮ ವಾರ್ಷಿಕ ವರದಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ಹೆಚ್ಚು ಸ್ಪಷ್ಟವಾಗಿದೆ? ‘ಸಮಗ್ರ ಅಭಿವೃದ್ಧಿ’, ‘ಸಬಲೀಕರಣ’ ಎಂದು ಪುಟಗಟ್ಟಲೆ ಬರೆದಿರುತ್ತೇವೆ. ಎಷ್ಟು ಹಣ ಬಂತು, ಎಲ್ಲಿ ಖರ್ಚಾಯಿತು ಎಂಬುದು ಕೊನೆಯ ಪುಟದಲ್ಲಿ, ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಶ್ರವಣಬೆಳಗೊಳದಲ್ಲಿ ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಗದ್ಯಾಣಗಳನ್ನು, ಅಂದರೆ ಆ ಕಾಲದ ಚಿನ್ನದ ನಾಣ್ಯಗಳನ್ನು, ಬಡ್ಡಿಗೆ ಬಿಟ್ಟ ಶಾಸನಗಳಿವೆ. ಮೂಲಧನವನ್ನು ಮುಟ್ಟುವಂತಿಲ್ಲ, ಬಡ್ಡಿಯಿಂದ ದಿನಕ್ಕೆ ಇಷ್ಟು ಹಾಲು ಸಲ್ಲಬೇಕು. ಕೊಟ್ಟವರಿಗೆ ತಮ್ಮ ಹಣ ಎಲ್ಲಿ ಸೇರುತ್ತದೆ ಎಂಬುದು ಅಳತೆಯ ಸಮೇತ ಗೊತ್ತಿತ್ತು. ದೇಣಿಗೆ ಕೇಳುವಾಗ ನಾವು ಕಲಿಯಬೇಕಾದ ಮೊದಲ ಪಾಠ ಇದೇ. ‘ನಮ್ಮ ಸಂಸ್ಥೆಗೆ ಸಹಾಯ ಮಾಡಿ’ ಎಂಬ ಮಾತಿಗೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ‘ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗೆ ಒಂದು ವರ್ಷದ ಬಸ್ ಪಾಸ್’ ಎಂದರೆ ಕೇಳಿದವರು ಎಷ್ಟಾಗುತ್ತದೆ ಎಂದು ವಿಚಾರಿಸುತ್ತಾರೆ.

ಆ ಶಾಸನಗಳ ಪದ್ಧತಿಯೇ ಇಂದಿಗೂ ನಮ್ಮ ಕನ್ನಡ ಸಂಘಗಳಲ್ಲಿ, ಶಾಲೆಗಳಲ್ಲಿ ದತ್ತಿನಿಧಿಯ ರೂಪದಲ್ಲಿ ಉಳಿದಿದೆ. ತಂದೆ ತಾಯಿಯ ಹೆಸರಿನಲ್ಲಿ ಒಂದಷ್ಟು ಹಣ ಠೇವಣಿ ಇಡುವುದು, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ಅಥವಾ ಬಹುಮಾನ. ಈ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಒಂದು ಕಷ್ಟ ಬೆಳೆದು ನಿಂತಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. 1990ರ ದಶಕದ ನಡುವಿನಲ್ಲಿ ಬ್ಯಾಂಕ್ ಠೇವಣಿಗೆ ಶೇ. 12ರ ಆಸುಪಾಸಿನ ಬಡ್ಡಿ ಸಿಗುತ್ತಿತ್ತು. ಆಗ ಹತ್ತು ಸಾವಿರದ ದತ್ತಿಯಿಂದ ವರ್ಷಕ್ಕೆ 1,200 ರೂಪಾಯಿ ಬರುತ್ತಿತ್ತು. ಉಪನ್ಯಾಸಕರ ಬಸ್ ಖರ್ಚು, ಒಂದು ಶಾಲು, ಹಣ್ಣಿನ ಬುಟ್ಟಿ, ಬಂದವರಿಗೆ ಚಹಾ ಎಲ್ಲ ಆಗಿ ನಾಲ್ಕು ಕಾಸು ಉಳಿಯುತ್ತಿತ್ತು. ಈಗ ಅದೇ ಹತ್ತು ಸಾವಿರಕ್ಕೆ ಆರುನೂರೋ ಏಳುನೂರೋ ಬರುತ್ತದೆ. ಶಾಲು, ಹಾರಗಳಿಗೂ ಅದು ಸಾಲದು. ಸಂಸ್ಥೆ ಕೈಯಿಂದ ಹಾಕಿ ಕಾರ್ಯಕ್ರಮ ಮಾಡುತ್ತದೆ, ಇಲ್ಲವೇ ಐದು ದತ್ತಿಗಳ ಉಪನ್ಯಾಸವನ್ನು ಒಂದೇ ಸಂಜೆ ಮುಗಿಸುತ್ತದೆ. ದತ್ತಿ ಇಟ್ಟವರ ಮಕ್ಕಳು ಮೊದಲ ಸಾಲಿನಲ್ಲಿ ಕುಳಿತು, ನಮ್ಮ ತಂದೆಯವರ ಹಣದಿಂದಲೇ ಇದೆಲ್ಲ ನಡೆಯುತ್ತಿದೆ ಎಂದು ನಂಬಿರುತ್ತಾರೆ.

ಇಂಥ ಕುಟುಂಬವನ್ನು ಕರೆದು ಪಾಸ್‌ಬುಕ್ ತೋರಿಸಿ ವಿಷಯ ಹೇಳುವುದಕ್ಕೆ ನಮಗೇಕೆ ಇಷ್ಟು ಹಿಂಜರಿಕೆ? ಹಾಗೆ ಹೇಳಿದ ಕಡೆಯಲ್ಲೆಲ್ಲ ಮಕ್ಕಳು ಮೂಲಧನಕ್ಕೆ ಇನ್ನಷ್ಟು ಸೇರಿಸಿದ್ದನ್ನು ನಾನು ಕಂಡಿದ್ದೇನೆ. ಸೇರಿಸಲು ಆಗದವರು, ಒಂದೇ ಉದ್ದೇಶದ ಎರಡು ದತ್ತಿಗಳನ್ನು ಕೂಡಿಸಲು ಲಿಖಿತ ಒಪ್ಪಿಗೆ ಕೊಡುತ್ತಾರೆ. ಹೊಸದಾಗಿ ದತ್ತಿ ಸ್ವೀಕರಿಸುವವರು ಒಪ್ಪಂದದಲ್ಲೇ ಒಂದು ಮಾತು ಸೇರಿಸಿ: ಪ್ರತಿವರ್ಷದ ಬಡ್ಡಿಯಲ್ಲಿ ಒಂದು ಪಾಲು ಮೂಲಧನಕ್ಕೆ ಸೇರಬೇಕು. ಮೂಲಧನಕ್ಕೆಂದೇ ಕೊಟ್ಟಿದ್ದೇನೆ ಎಂದು ದಾನಿಯಿಂದ ಬರೆಸಿಕೊಳ್ಳುವುದು ಹೇಗೂ ಆದಾಯ ತೆರಿಗೆಯ ದೃಷ್ಟಿಯಿಂದ ಅಗತ್ಯ. 2021ರ ತಿದ್ದುಪಡಿಯ ನಂತರ ಆ ಹಣವನ್ನು ಬೇರೆಯಾಗಿಯೇ, ಕಾನೂನು ಒಪ್ಪುವ ಕಡೆ ತೊಡಗಿಸಿರಬೇಕು ಎಂಬ ನಿಯಮವೂ ಇದೆ.

ಇನ್ನು ಕೇಳುವ ಮಾತು. ಕೇಳಲು ಸಂಕೋಚ ಎನ್ನುವ ಕಾರ್ಯಕರ್ತರು ಬಹಳ. ಕೈಯೊಡ್ಡುವುದು ಅವಮಾನ ಎಂಬ ಭಾವನೆ ಎಲ್ಲಿಂದ ಬಂತೋ ನನಗೆ ಅರ್ಥವಾಗುವುದಿಲ್ಲ, ಏಕೆಂದರೆ ಈ ನಾಡಿನಲ್ಲಿ ಜೋಳಿಗೆಗೆ ಗೌರವವಿದೆ. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಕುಡಿತವನ್ನು, ತಂಬಾಕನ್ನು ಆ ಜೋಳಿಗೆಗೆ ಹಾಕಿ ಬಿಟ್ಟವರು ಅನೇಕರು. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದ ಹಿಂದೆ ಶ್ರೀಮಂತರಷ್ಟೇ ಅಲ್ಲ, ಸುಗ್ಗಿಯಲ್ಲಿ ತಮ್ಮ ಪಾಲಿನ ಧಾನ್ಯ ತಂದುಕೊಡುವ ರೈತರೂ ಇದ್ದಾರೆ. ಬಹಳ ಊರುಗಳಲ್ಲಿ ಪ್ರಸಾದನಿಲಯಗಳು, ಶಾಲೆಗಳು ನಡೆದದ್ದು ಮುಷ್ಟಿ ಧಾನ್ಯದಿಂದ. ಅಡುಗೆಗೆ ಅಕ್ಕಿಯನ್ನೋ ಜೋಳವನ್ನೋ ಅಳೆದುಕೊಳ್ಳುವ ಮೊದಲು ಮನೆಯಾಕೆ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದಳು, ವಾರಕ್ಕೊಮ್ಮೆ ಹುಡುಗರು ಬಂದು ಒಯ್ಯುತ್ತಿದ್ದರು. ಆ ಹಿಡಿ ಧಾನ್ಯದ ಬೆಲೆ ತೀರ ಕಡಿಮೆ. ಆದರೆ ಆ ಮನೆಯಾಕೆ ದಿನವೂ ಒಮ್ಮೆ ಆ ಶಾಲೆಯನ್ನು ನೆನೆಯುತ್ತಿದ್ದಳು. ಅವಳನ್ನು ಕೇಳದೆ ಆ ಶಾಲೆಯನ್ನು ಮುಚ್ಚುವ ಧೈರ್ಯ ಯಾರಿಗೂ ಇರಲಿಲ್ಲ.

ಇಂದು ತಿಂಗಳಿಗೆ ಇನ್ನೂರು ರೂಪಾಯಿ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಇದೆ, ಯುಪಿಐ ಇದೆ. ನಿವೃತ್ತ ಶಿಕ್ಷಕಿಯೊಬ್ಬರು ಹಾಗೆ ಕೊಡುವ ಇನ್ನೂರನ್ನು, ಒಮ್ಮೆ ಮಾತ್ರ ಬರುವ ಒಂದು ಲಕ್ಷಕ್ಕಿಂತ ಹೆಚ್ಚೆಂದು ನಾನು ಭಾವಿಸುತ್ತೇನೆ. ವರ್ಷಕ್ಕೆ 2,400 ಎಂಬ ಲೆಕ್ಕಕ್ಕಾಗಿ ಈ ಮಾತಲ್ಲ. ಆ ಶಿಕ್ಷಕಿ ತನ್ನ ಸಹೋದ್ಯೋಗಿಗಳಿಗೆ ಹೇಳುತ್ತಾರೆ, ಮಗನ ಮದುವೆಯಲ್ಲಿ ನಿಮ್ಮನ್ನು ಕರೆದು ನಾಲ್ಕು ಜನರಿಗೆ ಪರಿಚಯಿಸುತ್ತಾರೆ. ಹೊಸ ದಾನಿಗಳು ಎಲ್ಲಿ ಸಿಗುತ್ತಾರೆ ಎಂದು ಕೇಳಿದ್ದಿರಲ್ಲ, ಬಹುತೇಕ ಸಿಗುವುದು ಅಲ್ಲಿಯೇ.

ದೊಡ್ಡ ದಾನ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬರುವ ಕ್ರಮ ತಿಳಿದಿರಲಿ. ಬೆಳಗಾವಿಯಲ್ಲಿ ಏಳು ಜನ ತರುಣ ಅಧ್ಯಾಪಕರು ಸೇರಿ ಕೆಎಲ್‌ಇ ಸಂಸ್ಥೆಯ ಶಾಲೆ ಆರಂಭಿಸಿದ್ದು 1916ರಲ್ಲಿ. ಶಿರಸಂಗಿ ಲಿಂಗರಾಜರ ಹೆಸರಿನ ಕಾಲೇಜು ಬಂದದ್ದು 1933ರಲ್ಲಿ. ಹುಬ್ಬಳ್ಳಿಯಲ್ಲಿ ಭೂಮರಡ್ಡಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ. ನಡುವಿನ ವರ್ಷಗಳನ್ನು ಎಣಿಸಿ. ಕಟ್ಟಡಕ್ಕೆ ಹೆಸರಾಗುವಂಥ ದಾನ ಬರುವ ಮೊದಲು ಆ ಅಧ್ಯಾಪಕರು ಸಣ್ಣ ಸಂಬಳದಲ್ಲಿ ದುಡಿದು ಊರಿನ ಕಣ್ಣಮುಂದೆ ಶಾಲೆ ನಡೆಸಿ ತೋರಿಸಿದ್ದರು.

ಹೆಸರು ಎಂದಾಗ ಇನ್ನೊಂದು ಮಾತು. ನಮ್ಮ ಸಭಾಭವನಗಳ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರಿದೆ, ಸ್ಟೀಲ್ ಪಾತ್ರೆಯ ಮೇಲಿದೆ, ಕಲ್ಲುಬೆಂಚಿನ ಮೇಲಿದೆ. ಹೆಸರು ಬೇಕೆನ್ನುವುದು ತಪ್ಪಲ್ಲ. ತಾಯಿಯ ಹೆಸರು ಒಂದು ಬೆಂಚಿನ ಮೇಲಾದರೂ ಉಳಿಯಲಿ ಎಂಬುದು ಬಹಳ ಮಾನವೀಯವಾದ ಆಸೆ. ಆದರೆ ಆ ಫ್ಯಾನು ತಿರುಗುವ ಕರೆಂಟಿನ ಬಿಲ್ಲಿಗೆ ದಾನಿ ಇರುವುದಿಲ್ಲ. ಅಡುಗೆಯವರ ಸಂಬಳಕ್ಕೆ, ಲೆಕ್ಕ ಬರೆಯುವವರ ಸಂಬಳಕ್ಕೆ, ಶೌಚಾಲಯದ ದುರಸ್ತಿಗೆ ಇರುವುದಿಲ್ಲ. ಕೇಳಿದರೆ ತಪ್ಪು ತಿಳಿದಾರು ಎಂದು ನಾವೇ ಆ ಖರ್ಚನ್ನು ಮುಚ್ಚಿಡುತ್ತೇವೆ. ‘ನಿಮ್ಮ ನೂರು ರೂಪಾಯಿಯೂ ಮಕ್ಕಳಿಗೇ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳಿಗೆ ಪಾಠ ಹೇಳುವ ಮೇಷ್ಟರ ಸಂಬಳವೂ ಮಕ್ಕಳಿಗೆ ಆದ ಖರ್ಚೇ. ಅದನ್ನು ದಾನಿಗೆ ನೇರವಾಗಿ ಹೇಳಿ. ವ್ಯಾಪಾರ ಮಾಡುವವರು, ಮನೆ ನಡೆಸುವವರು ಈ ಮಾತನ್ನು ಕೂಡಲೇ ಒಪ್ಪುತ್ತಾರೆ.

ವಿದ್ಯಾರ್ಥಿನಿಲಯ, ವೃದ್ಧಾಶ್ರಮ ನಡೆಸುವವರು ಇಲ್ಲಿ ಬಹಳ ಜನರಿದ್ದೀರಿ. ‘ಒಂದು ದಿನದ ಊಟ’ ಎಂಬ ಯೋಜನೆ ನಿಮ್ಮೆಲ್ಲರಲ್ಲೂ ಇದೆ. ಹುಟ್ಟುಹಬ್ಬ, ಮದುವೆಯ ವಾರ್ಷಿಕ ದಿನ, ಹಿರಿಯರ ಪುಣ್ಯತಿಥಿಗೆ ಜನ ಬರುತ್ತಾರೆ, ಒಳ್ಳೆಯದೇ. ಆದರೆ ಅಲ್ಲಿ ನಡೆಯುವುದನ್ನು ಮಕ್ಕಳ ಕಡೆಯಿಂದ ನೋಡಿ. ಊಟದ ಹೊತ್ತು ಮೀರಿದೆ, ಸಾರಿನ ವಾಸನೆ ಬರುತ್ತಿದೆ, ತಟ್ಟೆ ಹಿಡಿದು ಸಾಲಾಗಿ ಕುಳಿತಿದ್ದಾರೆ. ದಾನಿಯ ಕಾರು ಇನ್ನೂ ಬಂದಿಲ್ಲ. ಬಂದ ಮೇಲೆ ಕೇಕ್ ಕತ್ತರಿಸಬೇಕು, ಗುರುತಿಲ್ಲದ ಮಗುವೊಂದಕ್ಕೆ ಇವರು ಹಾಡು ಹೇಳಬೇಕು, ಫೋಟೊಕ್ಕೆ ನಗಬೇಕು. ತಮ್ಮ ಹುಟ್ಟುಹಬ್ಬ ಯಾವತ್ತು ಎಂಬುದನ್ನು ಯಾರೂ ಕೇಳದ ಮಕ್ಕಳು ಇವರು. ನಾನು ಕಂಡ ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಇದನ್ನು ಬದಲಿಸಿದರು. ಊಟ ಹನ್ನೆರಡೂವರೆಗೆ ಆರಂಭವಾಗುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ. ದಾನಿಗಳು ಬಂದರೆ ಅದೇ ಪಂಕ್ತಿಯಲ್ಲಿ ಕುಳಿತು ಅದೇ ಅನ್ನ ಸಾರು ಉಣ್ಣಬೇಕು. ಫೋಟೊ ಇಲ್ಲ. ಮೊದಲು ಕೆಲವರು ಮುನಿಸಿಕೊಂಡು ದೂರವಾದರು. ಉಳಿದವರು ಹುಟ್ಟುಹಬ್ಬವಿಲ್ಲದ ದಿನವೂ ಬರತೊಡಗಿದರು, ಏಕೆಂದರೆ ಪಕ್ಕದಲ್ಲಿ ಕುಳಿತು ಉಂಡ ಹುಡುಗನ ಹೆಸರು, ಅವನಿಗೆ ಗಣಿತ ಕಷ್ಟವಾಗುತ್ತಿದೆ ಎಂಬುದು ಅವರಿಗೆ ಗೊತ್ತಾಗಿತ್ತು. ಒಬ್ಬರು ಶನಿವಾರ ಗಣಿತ ಹೇಳಿಕೊಡಲು ಒಪ್ಪಿದರು. ಪಡೆಯುವವರ ಮಾನ ಕಾಯುವ ಸಂಸ್ಥೆಗೆ ದಾನಿಗಳು ಕಡಿಮೆಯಾಗುತ್ತಾರೆ ಎಂಬ ಭಯ ಬೇಡ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ, ನಿಮ್ಮ ಲೆಕ್ಕಪರಿಶೋಧಕರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾವೆಲ್ಲ 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿ ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆಯಾಗಿದೆ, ಅದರಲ್ಲಿ ಈ ವಿನಾಯಿತಿಯೇ ಇಲ್ಲ. ಆದ್ದರಿಂದ ತೆರಿಗೆ ಉಳಿಯುತ್ತದೆ ಎಂಬ ಆಸೆ ತೋರಿಸಿ ಕೇಳುವುದನ್ನು ಕಡಿಮೆ ಮಾಡಿ. 2021-22ರ ಸಾಲಿನಿಂದ ದಾನಿಗಳ ವಿವರವನ್ನು ವರ್ಷ ಮುಗಿದ ಮೇಲೆ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ಅಲ್ಲಿಂದ ಬರುವ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕಾಗಿದೆ. ಹೆಸರು ವಿಳಾಸ ಇಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಅದಕ್ಕೆ ಶೇ. 30ರ ತೆರಿಗೆ ಇದೆ. ಕ್ಯೂಆರ್ ಕೋಡ್ ಅಂಟಿಸಿದ ಮೇಜಿನ ಮೇಲೆ ಒಂದು ನೋಟ್‌ಪುಸ್ತಕ ಇಡಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ. ಹಣ ಖಾತೆಗೆ ಬಂದಿರುತ್ತದೆ, ಕೊಟ್ಟವರು ಯಾರೆಂದು ಖಜಾಂಚಿಗೆ ಗೊತ್ತಿರುವುದಿಲ್ಲ. ರಸೀದಿಯೂ ಹೋಗುವುದಿಲ್ಲ, ಧನ್ಯವಾದವೂ ಹೋಗುವುದಿಲ್ಲ.

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣದ ಬಗ್ಗೆ ಎಲ್ಲರಿಗೂ ಕುತೂಹಲವಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ಹಣ ಪಡೆಯಲು 2021ರ ಏಪ್ರಿಲ್‌ನಿಂದ ನಿಮ್ಮ ಸಂಸ್ಥೆಯೂ ನೋಂದಾಯಿಸಿಕೊಂಡಿರಬೇಕು. ಅದು ಯೋಜನೆಗೆ ಬರುವ ಹಣ, ಯೋಜನೆಯೊಂದಿಗೇ ನಿಲ್ಲುವ ಹಣ. ಕಂಪನಿಯ ಅಧಿಕಾರಿ ಬದಲಾದರೆ, ಅವರ ಆದ್ಯತೆ ಬದಲಾದರೆ ನೀವು ಮಾಡಬಹುದಾದದ್ದು ಏನೂ ಇಲ್ಲ. ಪಡೆಯಿರಿ, ಚೆನ್ನಾಗಿ ಬಳಸಿ. ಆದರೆ ನಿಮ್ಮ ಖರ್ಚಿನ ಅರ್ಧಕ್ಕಿಂತ ಹೆಚ್ಚು ಒಂದೇ ಕಂಪನಿಯಿಂದ ಬರುವಂತಾದರೆ, ಏನು ಕೆಲಸ ಮಾಡಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ.

ಹೊರದೇಶದ ಕನ್ನಡಿಗರ ವಿಷಯವನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನವರೇ ಇಲ್ಲಿ ತೊಂದರೆಗೆ ಸಿಲುಕುತ್ತಾರೆ. ನಿಮ್ಮ ಊರಿನ ಶಾಲೆಯಲ್ಲಿ ಓದಿದ ಇಬ್ಬರು ಗೆಳೆಯರು ಅಮೆರಿಕದಲ್ಲಿದ್ದಾರೆ ಎನ್ನಿ. ಒಬ್ಬರ ಬಳಿ ಈಗಲೂ ಭಾರತದ ಪಾಸ್‌ಪೋರ್ಟ್ ಇದೆ. ಅವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಇನ್ನೊಬ್ಬರು ಅಲ್ಲಿಯ ಪೌರತ್ವ ಪಡೆದು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡಿದ್ದಾರೆ. ಅವರು ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಬೇರೊಂದು ಸಂಸ್ಥೆ ಪಡೆದು ನಿಮಗೆ ದಾಟಿಸುವುದಕ್ಕೂ ಅವಕಾಶವಿಲ್ಲ. ಹಾಗಾಗಿ ಹಣ ಪಡೆಯುವ ಮೊದಲು ಪೌರತ್ವ ಕೇಳಿ, ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ಕೇಳಿದರೆ ನೊಂದುಕೊಳ್ಳುತ್ತಾರೆ ಎಂದು ಸುಮ್ಮನಿರಬೇಡಿ. ಕಾರಣ ಹೇಳಿದರೆ ಅವರೇ ನಿಮ್ಮ ಎಚ್ಚರಿಕೆಯನ್ನು ಮೆಚ್ಚುತ್ತಾರೆ. ಹಣ ಕೊಡಲಾಗದ ಆ ಗೆಳೆಯ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬಹುದು.

ಈಗ ಪತ್ರಕ್ಕೆ ಬರುತ್ತೇನೆ. ಹೇಗೆ ಬರೆಯಬೇಕು ಎಂದು ಬಹಳ ಜನ ಕೇಳುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ:

‘ಅಮ್ಮನವರಿಗೆ ನಮಸ್ಕಾರ. ಜೂನ್ ತಿಂಗಳಲ್ಲಿ ಸಂಜೆ ಶಾಲೆಯ ದೀಪಕ್ಕೆಂದು ನೀವು ಐದು ಸಾವಿರ ರೂಪಾಯಿ ಕೊಟ್ಟಿದ್ದಿರಿ. ದೀಪಕ್ಕೆ 3,800 ಆಯಿತು. ಉಳಿದ 1,200ನ್ನು ಮುಂದೆ ಬ್ಯಾಟರಿ ಬದಲಿಸಲು ತೆಗೆದಿಟ್ಟಿದ್ದೇವೆ. ಮಳೆಗಾಲದಲ್ಲಿ ದೊಡ್ಡ ಹುಡುಗರು ಹೊಲದ ಕೆಲಸಕ್ಕೆ ಹೋದದ್ದರಿಂದ ಹಾಜರಾತಿ ಅರ್ಧಕ್ಕೆ ಇಳಿಯಿತು. ದೀಪಾವಳಿ ಕಳೆದ ಮೇಲೆ ಮತ್ತೆ ಬರುತ್ತಿದ್ದಾರೆ, ಇಬ್ಬರು ಮಾತ್ರ ಬಂದಿಲ್ಲ. ಅವರ ಮನೆಗೆ ಹೋಗಿ ಮಾತನಾಡುತ್ತಿದ್ದೇವೆ. ಶಾಲೆ ಸಂಜೆ ಆರರಿಂದ ಏಳೂವರೆಯವರೆಗೆ ಇರುತ್ತದೆ. ಈ ಕಡೆ ಬಂದಾಗ ಬನ್ನಿ.’

ಇದರಲ್ಲಿ ಹಣದ ಮನವಿ ಇಲ್ಲ ಎಂಬುದನ್ನು ಗಮನಿಸಿ. ಆಗದೇ ಹೋದದ್ದನ್ನು ಬರೆದಿದ್ದೇನೆ. ಆ ಇಬ್ಬರು ಹುಡುಗರ ಸಾಲನ್ನು ತೆಗೆದುಬಿಡಿ ಎಂದು ಯಾರಾದರೂ ಪದಾಧಿಕಾರಿ ಹೇಳುತ್ತಾರೆ. ತೆಗೆಯಬೇಡಿ. ಓದಿದವರು ಮುಂದಿನ ಸಲ ಸಿಕ್ಕಾಗ ಕೇಳುವುದೇ ಅದನ್ನು: ಆ ಇಬ್ಬರು ಬಂದರೇ? ಹಾಗೆ ಕೇಳುವವರು ನಿಮ್ಮ ಸಂಸ್ಥೆಯನ್ನು ಬಿಟ್ಟುಹೋಗುವುದಿಲ್ಲ.

ಬೇಡವೆನ್ನಬೇಕಾದ ಹಣವೂ ಇದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದವಳು ಅವಳು. ನಮಗೂ ಅಂಥ ಗಳಿಗೆ ಬರುತ್ತದೆ. ನೀರಿನ ಕೆಲಸ ಮಾಡುವ ಸಂಸ್ಥೆಗೆ ಒಬ್ಬರು ಕಂಪ್ಯೂಟರ್ ಕೋಣೆ ಕಟ್ಟಿಸಿಕೊಡುತ್ತೇನೆ ಎನ್ನುತ್ತಾರೆ, ಅದನ್ನು ನಡೆಸುವವರು ಯಾರೂ ಇಲ್ಲ. ಚುನಾವಣೆಗೆ ಮೊದಲು ಒಬ್ಬರು ದೊಡ್ಡ ಮೊತ್ತ ತರುತ್ತಾರೆ, ಜೊತೆಗೆ ಫ್ಲೆಕ್ಸ್ ತರುತ್ತಾರೆ. ಅಂಥದನ್ನು ಕೈಮುಗಿದು, ಕಾರಣ ಹೇಳಿ ನಿರಾಕರಿಸಿ. ಆ ನಿರ್ಧಾರವನ್ನು ಕಾರ್ಯಕಾರಿ ಸಮಿತಿಯ ನಡಾವಳಿಯಲ್ಲಿ ಬರೆದಿಡಿ. ಮುಂದೆ ಬರುವ ಪದಾಧಿಕಾರಿಗಳಿಗೆ ಅದು ಆಧಾರವಾಗುತ್ತದೆ.

ಮಾತಿನ ಕೊನೆಗೆ ಸಭೆಯಲ್ಲಿ ಒಬ್ಬ ತಾಯಿ ಎದ್ದು ಕೇಳಿದರು: ‘ನಮ್ಮಲ್ಲಿ ಇರುವುದೇ ಮೂವರು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಕ್ಕಳ ಕೆಲಸವೇ ಮುಗಿಯುವುದಿಲ್ಲ. ಇದನ್ನೆಲ್ಲ ಯಾರು ಮಾಡಬೇಕು, ಅಣ್ಣಾ?’

ನ್ಯಾಯವಾದ ಪ್ರಶ್ನೆ. ಮೂವರಿದ್ದರೆ ಇಷ್ಟು ಮಾಡಿ, ತಾಯೀ. ಉದ್ದನೆಯ ಒಂದು ನೋಟ್‌ಪುಸ್ತಕ ತನ್ನಿ. ಒಬ್ಬ ದಾನಿಗೆ ಒಂದು ಪುಟ. ಮೇಲೆ ಹೆಸರು, ವಿಳಾಸ, ಫೋನ್ ಸಂಖ್ಯೆ. ಕೆಳಗೆ ಕೊಟ್ಟ ದಿನ, ಮೊತ್ತ, ಯಾವ ಕೆಲಸಕ್ಕೆ. ಅದರ ಕೆಳಗೆ ನೀವು ಅವರಿಗೆ ಏನು ತಿಳಿಸಿದಿರಿ, ಯಾವತ್ತು. ಶನಿವಾರ ಸಂಜೆ ಒಬ್ಬರು ಒಂದು ಗಂಟೆ ಕುಳಿತು ಐದು ಪುಟ ತಿರುವಿ, ಐದು ಜನರಿಗೆ ಬರೆಯಲಿ ಅಥವಾ ಫೋನ್ ಮಾಡಲಿ. ವರ್ಷಕ್ಕೆ ಇನ್ನೂರೈವತ್ತು ದಾನಿಗಳಿಗೆ ಒಂದೊಂದು ಸಲ ಸುದ್ದಿ ಮುಟ್ಟುತ್ತದೆ, ಸಣ್ಣ ಸಂಸ್ಥೆಗೆ ಅದು ಸಾಕು. ಬರೆಯಲು ಕೈ ಸಾಲದಿದ್ದರೆ ದಾನಿಗಳಲ್ಲೇ ಒಬ್ಬರನ್ನು, ಆ ನಿವೃತ್ತ ಶಿಕ್ಷಕಿಯಂಥವರನ್ನು ಕೇಳಿ. ಹಣದ ಲೆಕ್ಕ ಇಡುವವರು ಮತ್ತು ಈ ಪುಸ್ತಕ ಬರೆಯುವವರು ಬೇರೆ ಬೇರೆಯವರಾಗಿರಲಿ, ಒಬ್ಬರ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಪುಸ್ತಕವನ್ನು ಮೊಬೈಲಿಗೋ ಕಂಪ್ಯೂಟರಿಗೋ ಆಮೇಲೆ ಏರಿಸಬಹುದು. ಮೊದಲ ಐದು ಪುಟಗಳನ್ನು ಈ ಶನಿವಾರವೇ ಬರೆಯಿರಿ.